ಕವರ್ ಕೊಟ್ಟ ಕೈ ನಮ್ಮದೇ

ಧರೂರಿನ ಹತ್ತಿರ ಒಬ್ಬ ರೈತರ ಪಂಪ್ ರಿಪೇರಿಗೆ ಹೋಗಿದ್ದೆ. ಜುರಾಲ ಅಣೆಕಟ್ಟಿನ ಹಿನ್ನೀರಿಗೆ ಪೈಪ್ ಇಳಿಸಿ ಗದ್ದೆಗೆ ನೀರು ಹಾಯಿಸುವವರು ಅವರು. ಮೋಟಾರ್ ತಿರುಗುತ್ತಿತ್ತು, ನೀರು ಬರುತ್ತಿರಲಿಲ್ಲ. ಪೈಪ್ ಮೇಲೆಳೆದು ನೋಡಿದರೆ ಫುಟ್‌ವಾಲ್ವಿನ ಜಾಲರಿಗೆ ಪ್ಲಾಸ್ಟಿಕ್ ಕವರುಗಳು ಸುತ್ತಿಕೊಂಡಿದ್ದವು. ನೀರು ಎಳೆಯಲಾಗದೆ ಒಣಗಿ ತಿರುಗಿದ ಪಂಪಿನ ಸೀಲ್ ಸುಟ್ಟುಹೋಗಿತ್ತು.

ಒಂದು ಕವರಿನ ಮೇಲೆ ಅರ್ಧ ಅಳಿಸಿದ ಕನ್ನಡ ಅಕ್ಷರಗಳಿದ್ದವು. ಕೃಷ್ಣೆ ಕರ್ನಾಟಕ ದಾಟಿಯೇ ಇಲ್ಲಿಗೆ ಬರುವುದಲ್ಲವೇ? ರೈತರು ಬೈಯಲಿಲ್ಲ. "ನಿಮ್ಮ ಕಡೆಯದ್ದೇ" ಎಂದು ನಕ್ಕರು. ಆ ನಗು ನನಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಏಕೆಂದರೆ ನಾನು ಅಂಗಡಿಯವರ ಮಗ.

ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧವಾದದ್ದು 2016ರಲ್ಲಿ. ಆಗ ಉಪ್ಪ ನಮ್ಮ ಅಂಗಡಿಯಲ್ಲಿ ಕವರ್ ಕೊಡುವುದನ್ನು ನಿಲ್ಲಿಸಿದ್ದರು. "ಕಾಕಾ, ಒಂದು ಕವರ್ ಕೊಡಿ" ಎಂದು ಕೇಳಿ, ಇಲ್ಲವೆಂದಾಗ ಪಕ್ಕದ ಅಂಗಡಿಗೆ ಹೋದವರು ಯಾರೋ ದೂರದವರಲ್ಲ, ನಮ್ಮದೇ ಜಮಾಅತಿನವರು. ಮೂರು ತಿಂಗಳಲ್ಲಿ ವ್ಯಾಪಾರ ಇಳಿಯಿತು. "ಉಪ್ಪಾ, ನಾವೊಬ್ಬರೇ ಬಿಟ್ಟರೆ ಏನಾಗುತ್ತದೆ? ಕೊಟ್ಟುಬಿಡಿ" ಎಂದವನು ನಾನೇ. ಅವರು ಏನೂ ಹೇಳದೆ ಮಾರನೇ ದಿನ ಒಂದು ಕಟ್ಟು ಕವರ್ ತಂದರು.

"ದೊಡ್ಡ ಫ್ಯಾಕ್ಟರಿಗಳನ್ನು ಬಿಟ್ಟು ನಮ್ಮನ್ನೇಕೆ ಹಿಡಿಯುತ್ತೀರಿ? ಸರಕಾರ ಏನು ಮಾಡುತ್ತಿದೆ?" ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ಸರಿ, ಕೇಳಲೇಬೇಕು. ಆದರೆ ಅದನ್ನು ಕೈಯಲ್ಲಿ ಕವರ್ ಹಿಡಿದುಕೊಂಡು ಕೇಳಿದರೆ ಅದು ಬರೀ ನೆಪ. 2022ರ ಜುಲೈ 1ರಿಂದ ದೇಶದಲ್ಲೇ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳಿಗೆ ನಿಷೇಧವಿದೆ. ಆಮೇಲೆ ನೀವು ಹೋದ ಮದುವೆಗಳಲ್ಲಿ ಎಷ್ಟು ಕಡೆ ಅವು ಕಾಣಲಿಲ್ಲ, ಹೇಳಿ ನೋಡೋಣ.

ನಾವು ವ್ಯಾಪಾರದ ಸಮುದಾಯ. ದಿನಸಿ, ಮೀನು, ಬಟ್ಟೆ, ಹಣ್ಣು, ಕೇಟರಿಂಗ್ ಎಲ್ಲದರಲ್ಲೂ ಇದ್ದೇವೆ. ಕೊಡುವವರೂ ನಾವೇ, ಬಹಳ ಸಲ ಕೊಳ್ಳುವವರೂ ನಾವೇ. ಹಾಗಾಗಿ ನಮ್ಮ ಜವಾಬ್ದಾರಿ ಬೇರೆಯವರಿಗಿಂತ ಕಡಿಮೆಯಲ್ಲ, ಎರಡು ಪಟ್ಟು.

ಎಸೆದದ್ದು ಎಲ್ಲಿಗೂ ಹೋಗುವುದಿಲ್ಲ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರದ ಮೇಲೆ ಹರಿಯಿತು. ಅಡಿಕೆ, ತೆಂಗಿನ ತೋಟಗಳು ಹೂತವು, ಕುಟುಂಬಗಳು ಮನೆ ಬಿಟ್ಟವು. ಆ ಗುಡ್ಡವನ್ನು ಯಾರೋ ಒಬ್ಬರು ಮಾಡಿದ್ದಲ್ಲ. ಮಂಗಳೂರಿನ ಪ್ರತಿ ಅಡುಗೆಮನೆಯ, ಪ್ರತಿ ಅಂಗಡಿಯ ಪಾಲು ಅದರಲ್ಲಿತ್ತು.

ಹರಿಯುವ ನದಿಯ ದಡದಲ್ಲಿ ವುಳೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂಬ ಹದೀಸನ್ನು ಮದ್ರಸದಲ್ಲೇ ಕಲಿತವರು ನಾವು. ಅದೇ ನದಿಗೆ ಸೇತುವೆಯ ಮೇಲಿಂದ ಕಸದ ಕಟ್ಟು ಎಸೆಯಬಹುದೆಂದು ಯಾವ ಉಸ್ತಾದರೂ ಕಲಿಸಿಲ್ಲ. ಮಂಗಳೂರು ಕುಡಿಯುವುದು ತುಂಬೆಯಲ್ಲಿ ನಿಲ್ಲಿಸಿದ ನೇತ್ರಾವತಿಯ ನೀರನ್ನೇ.

ಮಾಡಬೇಕಾದದ್ದು ದೊಡ್ಡದೇನಲ್ಲ. ಮೀನಿಗೆ ಡಬ್ಬಿ, ದಿನಸಿಗೆ ಬಟ್ಟೆ ಚೀಲ, ಮದುವೆಗೆ ಸ್ಟೀಲ್ ಲೋಟ. ನಮ್ಮ ಉಮ್ಮಂದಿರ ಕಾಲದಲ್ಲಿ ಇದಕ್ಕೆ ಪರಿಸರ ರಕ್ಷಣೆ ಎಂಬ ಹೆಸರಿರಲಿಲ್ಲ, ಅದು ಬರೀ ಮನೆಯ ಅಭ್ಯಾಸವಾಗಿತ್ತು.

ಮುಂದಿನ ರಜೆಗೆ ಊರಿಗೆ ಬಂದಾಗ ಉಪ್ಪನ ಅಂಗಡಿಯಿಂದ ಕವರಿನ ಕಟ್ಟನ್ನು ನಾನೇ ತೆಗೆಸುತ್ತೇನೆ. ವ್ಯಾಪಾರ ಇಳಿದರೆ ಆ ನಷ್ಟ ನನ್ನ ಸಂಬಳದಿಂದ ಹೋಗಲಿ. ಆದರೆ ಈ ಸಲ ಪಕ್ಕದ ಅಂಗಡಿಗೆ ಹೋಗಬೇಡಿ. ಬರುವಾಗ ಒಂದು ಚೀಲ ತನ್ನಿ.