ಮಳೆಗಾಲವೂ ನಮ್ಮ ಖೋಲಿಗಳೂ

ಮುಂಬಯಿಗೆ ಮಳೆಗಾಲವು ಸಾಮಾನ್ಯವಾಗಿ ಜೂನ್ ತಿಂಗಳ ಎರಡನೆಯ ವಾರದಲ್ಲಿ ಬಂದು, ಅಕ್ಟೋಬರದ ಮೊದಲ ವಾರ ಕಳೆದ ಮೇಲೆಯೇ ಹಿಂದೆಗೆಯುತ್ತದೆ. ಈ ನಾಲ್ಕು ತಿಂಗಳುಗಳಲ್ಲಿ 2,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಷ್ಟರಲ್ಲಿ ನಮ್ಮ ಬಂಧುಗಳ ಖೋಲಿಗಳಲ್ಲಿ ಆಗುವ ನಷ್ಟವನ್ನು ಯಾರೂ ಲೆಕ್ಕ ಬರೆದಿಟ್ಟಿಲ್ಲ. ಟ್ರಂಕಿನಲ್ಲಿಟ್ಟ ಶಾಲೆಯ ಸರ್ಟಿಫಿಕೇಟು, ವಿಮೆಯ ಪಾಲಿಸಿ, ಊರಿನ ಜಮೀನಿನ ಕಾಗದಗಳಿಗೆ ಬೂಷ್ಟು ಹಿಡಿಯುತ್ತದೆ. ಹಬ್ಬಕ್ಕೆಂದು ತೆಗೆದಿರಿಸಿದ ಬಟ್ಟೆಯಲ್ಲಿ ಕಪ್ಪು ಚುಕ್ಕೆಗಳೇಳುತ್ತವೆ. ಉಬ್ಬಸವುಳ್ಳವನು ರಾತ್ರಿಯೆಲ್ಲ ಕುಳಿತೇ ಬೆಳಗು ಮಾಡುತ್ತಾನೆ. ಇದೆಲ್ಲವೂ ಮಳೆಗಾಲದ ಸ್ವಭಾವವೆಂದೂ ಬಡವನ ಹಣೆಬರಹವೆಂದೂ ಸಹಿಸಿಕೊಂಡು ಬರುವುದು ನಮ್ಮಲ್ಲಿ ರೂಢಿಯಾಗಿದೆ. ಈ ರೂಢಿಯನ್ನು ಬಿಡತಕ್ಕದ್ದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಮಳೆಯೊಂದೇ ಕಾರಣವಾಗಿದ್ದರೆ, ಮುಂಬಯಿಗಿಂತ ಅಧಿಕ ಮಳೆ ಬೀಳುವ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಒಂದು ಕಾಳು ಅಕ್ಕಿಯೂ ಉಳಿಯಬಾರದಿತ್ತು. ಆದರೆ ಆಟಿ ತಿಂಗಳ ಜಡಿಮಳೆಯಲ್ಲಿಯೂ ಹಳೆಯ ಮನೆಗಳ ಅಟ್ಟದ ಮೇಲೆ ಅಕ್ಕಿಮುಡಿಗಳು ಕೆಡದೆ ಇರುತ್ತಿದ್ದುವು. ಇಳಿಜಾರಾದ ಮಾಡು ನೀರನ್ನು ನಿಲ್ಲಗೊಡುತ್ತಿರಲಿಲ್ಲ. ಮುಂದಕ್ಕೆ ಚಾಚಿದ ಸೂರು ಗೋಡೆಗೆ ಎರಚಲು ತಾಗಗೊಡುತ್ತಿರಲಿಲ್ಲ. ಹಂಚುಗಳ ಸಂದಿನಿಂದ ಗಾಳಿಯಾಡುತ್ತಿತ್ತು. ಕೆಳಗಿನ ಒಲೆಯ ಬಿಸಿಯೂ ಹೊಗೆಯೂ ಅಟ್ಟವನ್ನು ಕಾಯುತ್ತಿದ್ದುವು. ನಮ್ಮ ಹಿರಿಯರು ನೀರಿಗೆ ಹೊರಹೋಗುವ ದಾರಿಯನ್ನೂ ಗಾಳಿಗೆ ಒಳಬರುವ ದಾರಿಯನ್ನೂ ಮಾಡಿಕೊಟ್ಟಿದ್ದರು. ಮುಂಬಯಿಯ ಬಹಳಷ್ಟು ಖೋಲಿಗಳಲ್ಲಿ ಇವೆರಡೂ ಇಲ್ಲ.

ತೇವವು ಹೊರಗಿನಿಂದ ಮಾತ್ರ ಬರುವುದಿಲ್ಲವೆಂಬುದನ್ನು ಮೊದಲು ತಿಳಿಯಬೇಕು. ನಿದ್ರಿಸುವ ಒಬ್ಬ ಮನುಷ್ಯನು ಒಂದು ರಾತ್ರಿಯಲ್ಲಿ ಉಸಿರು ಬೆವರುಗಳ ಮೂಲಕ ಕಾಲು ಲೀಟರಿಗೆ ಕಡಿಮೆಯಿಲ್ಲದಷ್ಟು ನೀರನ್ನು ಗಾಳಿಗೆ ಬಿಡುತ್ತಾನೆ. ಹತ್ತು ಮಂದಿ ಮಲಗುವ ಖೋಲಿಯಲ್ಲಿ ಅದು ಎರಡೂವರೆ ಲೀಟರಾಯಿತು. ಒಂದು ಕಿಲೋ ಅಡಿಗೆ ಅನಿಲ ಉರಿದಾಗ ಒಂದೂವರೆ ಕಿಲೋಗೂ ಮಿಕ್ಕಿ ನೀರಾವಿ ಹುಟ್ಟುತ್ತದೆ. ಹಗ್ಗದ ಮೇಲೆ ಹರಡಿದ ಒದ್ದೆ ಬಟ್ಟೆಯ ನೀರೂ ಅದೇ ಗಾಳಿಗೆ ಸೇರುತ್ತದೆ. ಮಳೆಗೆ ಹೆದರಿ ಕಿಟಕಿಗಳನ್ನು ಸದಾ ಮುಚ್ಚಿಟ್ಟರೆ ಈ ನೀರೆಲ್ಲ ತಣ್ಣಗಿನ ಗೋಡೆಯ ಮೇಲೆ ಕೂರುತ್ತದೆ. ಬೂಷ್ಟಿಗೆ ಬೇಕಾದುದು ಅಷ್ಟೇ. ಆದ್ದರಿಂದ ಎರಚಲು ಇಲ್ಲದ ಹೊತ್ತಿನಲ್ಲಿ ಬಾಗಿಲು ಕಿಟಕಿಗಳೆರಡನ್ನೂ ತೆರೆದಿಡಬೇಕು. ಟ್ರಂಕು ಕಪಾಟುಗಳು ಗೋಡೆಯಿಂದ ನಾಲ್ಕು ಬೆರಳು ದೂರದಲ್ಲಿ, ನೆಲದಿಂದ ಒಂದು ಇಟ್ಟಿಗೆಯ ಎತ್ತರದಲ್ಲಿ ಇರಬೇಕು. ಹಾಸಿಗೆಯನ್ನು ಎದ್ದೊಡನೆ ಸುತ್ತದೆ ಸ್ವಲ್ಪ ಹೊತ್ತು ಗಾಳಿಗೊಡ್ಡಬೇಕು. ನೆನೆದ ವಸ್ತುವನ್ನು ಒಂದೆರಡು ದಿನಗಳೊಳಗಾಗಿ ಪೂರ್ತಿ ಒಣಗಿಸಿದರೆ ಅದಕ್ಕೆ ಬೂಷ್ಟು ಹಿಡಿಯುವುದು ಅಪರೂಪ. ಗೋಡೆಗೆ ಹಿಡಿದ ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಕೂಡದು. ಅದರ ಸೂಕ್ಷ್ಮ ಕಣಗಳು ಖೋಲಿಯೆಲ್ಲ ಹರಡುತ್ತವೆ. ಮಾಸ್ಕು ಧರಿಸಿ, ಸಾಬೂನಿನ ನೀರಿನಿಂದ ತಿಕ್ಕಿ, ಒರಸಿ ಒಣಗಿಸುವುದೇ ಸರಿಯಾದ ಕ್ರಮ.

ಆದರೆ ಮೇಲಿನ ಮಾಳಿಗೆಯ ಒಡೆದ ನಳದಿಂದ ಒಸರುವ ಗೋಡೆಗೆ ಈ ಉಪಾಯಗಳು ಸಾಲವು. ಬೇಸಗೆಯಲ್ಲಿಯೂ ಒಣಗದ ಕಲೆಯು ಸಾಮಾನ್ಯವಾಗಿ ನಳದ್ದು. ಮಳೆಯೊಡನೆ ಬಂದು ಮಳೆಯೊಡನೆ ಹೋಗುವ ಕಲೆಯು ಮಾಡಿನದು, ಇಲ್ಲವೆ ಹೊರಗೋಡೆಯ ಬಿರುಕಿನದು. ಎರಡಕ್ಕೂ ಬಣ್ಣವು ಮದ್ದಲ್ಲ. ದುರಸ್ತಿಯ ಹೊಣೆ ಯಾರದೆಂಬುದನ್ನು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 14ನೆಯ ಕಲಮು ಹೇಳುತ್ತದೆ. ಬಾಡಿಗೆದಾರನು ಬೇರೆ ರೀತಿಯ ಕರಾರಿಗೆ ಒಪ್ಪಿರದಿದ್ದರೆ, ಮನೆಯನ್ನು ವಾಸಯೋಗ್ಯ ಸ್ಥಿತಿಯಲ್ಲಿಡುವುದು ಮಾಲಿಕನ ಕರ್ತವ್ಯ. ಕನಿಷ್ಠ 15 ದಿನಗಳ ನೋಟೀಸು ಕೊಟ್ಟ ಮೇಲೂ, ಯುಕ್ತ ಕಾಲದೊಳಗೆ ಅವನು ದುರಸ್ತಿ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಅದನ್ನು ಮಾಡಿಸಿ, ವರ್ಷದ ಬಾಡಿಗೆಯ ನಾಲ್ಕನೆಯ ಒಂದು ಪಾಲನ್ನು ಮೀರದಂತೆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಈ ಹಕ್ಕನ್ನು ಉಪಯೋಗಿಸುವವರು ನಮ್ಮಲ್ಲಿ ಹೆಚ್ಚಾಗಬೇಕು.

ಕೀಟಗಳ ವಿಷಯವೂ ಬಹುಮಟ್ಟಿಗೆ ನೀರಿನ ವಿಷಯವೇ. ಅಡಿಗೆಮನೆಯ ಸಣ್ಣ ಕಂದು ಜಿರಳೆಯು ನೀರು ಸಿಕ್ಕರೆ ಆಹಾರವಿಲ್ಲದೆ ಒಂದು ತಿಂಗಳು ಬದುಕಬಲ್ಲದು; ನೀರಿಲ್ಲದೆ ಎರಡು ವಾರ ಬಾಳುವುದು ಕಷ್ಟ. ರಾತ್ರಿ ಮೋರಿಯನ್ನು ಒರಸಿಡುವುದೂ ತೊಟ್ಟಿಕ್ಕುವ ನಲ್ಲಿಗೆ ವಾಷರು ಹಾಕಿಸುವುದೂ ಯಾವ ಔಷಧಕ್ಕೂ ಕಡಿಮೆಯಲ್ಲ. ಗೆದ್ದಲು ಹಸಿಗೋಡೆಯನ್ನು ಹಿಡಿದೇ ಬಾಗಿಲಿನ ಚೌಕಟ್ಟಿಗೆ ಏರುತ್ತದೆ. ತಿಗಣೆ ಮಾತ್ರ ಇದಕ್ಕೆ ಅಪವಾದ. ಅದು ತೇವವನ್ನು ಹುಡುಕಿ ಬರುವುದಿಲ್ಲ. ಹಾಸಿಗೆ ಪೆಟ್ಟಿಗೆಗಳೊಡನೆ ಬಂದು ಮನುಷ್ಯನ ರಕ್ತದಿಂದ ಬದುಕುತ್ತದೆ. ಅದು ಕೊಳಕುತನದ ಗುರುತಲ್ಲ. ನಾಚಿ ಮುಚ್ಚಿಡಬೇಕಾದ ವಿಷಯವೂ ಅಲ್ಲ. ಹಗಲು ಪಾಳಿಯವನು ಎದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಮಲಗುವ ಖೋಲಿಯಲ್ಲಿ ಹೊದಿಕೆಗಳನ್ನು ಬಿಸಿನೀರಿನಲ್ಲಿ ಅದ್ದುವ, ಮಂಚದ ಸಂದುಗಳಿಗೆ ಕುದಿನೀರು ಹೊಯ್ಯುವ ಕೆಲಸವನ್ನು ಎಲ್ಲರೂ ಒಂದೇ ದಿನ ಮಾಡಬೇಕು. ಮೊಟ್ಟೆಗಳು ಒಡೆಯುವುದರಿಂದ ಒಂದೆರಡು ವಾರಗಳಲ್ಲಿ ಮತ್ತೆ ಮಾಡಬೇಕು. ಒಬ್ಬನು ಬಿಟ್ಟರೆ ಎಲ್ಲರ ಶ್ರಮವೂ ವ್ಯರ್ಥ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕಾಟ ತಾಳಲಾರದೆ, ಧಾನ್ಯದ ಕೋಠಿಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನು ಮನೆಯಲ್ಲಿಡುವವರಿದ್ದಾರೆ. ಗಾಳಿಯ ತೇವ ತಾಗಿದೊಡನೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಅದು ಸಂದುಗಳಿಂದ ಪಕ್ಕದ ಖೋಲಿಗೂ ನುಗ್ಗಿ, ನಿದ್ರೆಯಲ್ಲಿದ್ದವರ ಪ್ರಾಣ ತೆಗೆಯಬಲ್ಲದು. ಅದಕ್ಕೆ ನಿರ್ದಿಷ್ಟವಾದ ಪ್ರತಿವಿಷವಿಲ್ಲ. ಇಂತಹ ಸಾವುಗಳು ನಮ್ಮ ದೇಶದಲ್ಲಿ ಸಂಭವಿಸಿವೆ. ಸರಕಾರದ ನಿಯಮದಂತೆ ಅದನ್ನು ಪರಿಣತರ ಮೇಲ್ವಿಚಾರಣೆಯಲ್ಲಲ್ಲದೆ ಬಳಸುವಂತಿಲ್ಲ. ಯಾರು ಎಷ್ಟು ಅಗ್ಗವಾಗಿ ಕೊಟ್ಟರೂ ಅದನ್ನು ಮನೆಗೆ ತರಕೂಡದು.

ಖೋಲಿಯ ಕರಾರು ಹೋಟೆಲು ಮಾಲಿಕರ ಹೆಸರಿನಲ್ಲಿರುವಾಗ ಅಲ್ಲಿ ಮಲಗುವ ಕಾರ್ಮಿಕನಿಗೆ ನೋಟೀಸು ಕೊಡುವ ಹಕ್ಕು ಎಲ್ಲಿಯದು? ಆ ಹೊಣೆ ಮಾಲಿಕರದೇ. ಅವರಲ್ಲಿ ಅನೇಕರು ತಾವೂ ಒಂದು ಕಾಲಕ್ಕೆ ಹೋಟೆಲಿನ ಅಟ್ಟದಲ್ಲಿ ಮಲಗಿ ಮೇಲೆ ಬಂದವರು. ಹೋಟೆಲಿನ ಮುಂಭಾಗಕ್ಕೆ ಬಣ್ಣ ಹಚ್ಚಿಸುವವರು, ಕೆಲಸಗಾರರು ಮಲಗುವ ಜಾಗಕ್ಕೆ ಗಾಳಿಯನ್ನು ಹೊರಹಾಕುವ ಒಂದು ಫ್ಯಾನು ಹಾಕಿಸುವುದನ್ನು ದುಂದುವೆಚ್ಚವೆಂದು ಎಣಿಸಬಾರದು. ರಾತ್ರಿಯೆಲ್ಲ ಕೆಮ್ಮಿದವನೇ ಬೆಳಗ್ಗೆ ಗಿರಾಕಿಯ ಮುಂದೆ ತಟ್ಟೆಯಿಡುವವನು.

ನಮ್ಮ ಸಂಘಗಳಿಗೂ ಇಲ್ಲಿ ಕೆಲಸವಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ, ಗೋಡೆ ಒಣಗಿರುವಾಗಲೇ, ಸದಸ್ಯರ ಖೋಲಿಗಳನ್ನು ನೋಡಿ ಬಿರುಕು, ನಳಗಳ ಪಟ್ಟಿ ಮಾಡಬಹುದು. ಚೆನ್ನೈಯ ಬಂಧುಗಳಿಗೆ ಈ ಸಿದ್ಧತೆಯ ಕಾಲ ಸೆಪ್ಟೆಂಬರ. ಅಲ್ಲಿಯ ದೊಡ್ಡ ಮಳೆ ಅಕ್ಟೋಬರದಿಂದ ಡಿಸೆಂಬರದವರೆಗೆ. ಮರಾಠಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಒಂದು ನೋಟೀಸು ಬರೆಯಲು ಹೋಟೆಲಿನ ಹುಡುಗನಿಗೆ ಬಾರದಿರಬಹುದು. ಬರೆಯಬಲ್ಲ ಗುಮಾಸ್ತರು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ಭಾನುವಾರದ ಒಂದು ಗಂಟೆಯನ್ನು ಅವರು ಈ ಕೆಲಸಕ್ಕೆ ಕೊಟ್ಟರೆ, ಮುಂದಿನ ಮಳೆಗಾಲದಲ್ಲಿ ಕೆಲವು ಖೋಲಿಗಳಾದರೂ ಒಣಗಿರುವುವೆಂದು ನಾವು ನಂಬುತ್ತೇವೆ.