ನಿಸಿದಿಗಲ್ಲು ಹೇಳದ ಬಾಳು

ಜೈನ ಲೋಕಸ್ವರೂಪದ ವರ್ಣನೆಯಲ್ಲಿ ಮಧ್ಯಲೋಕವೆಂದರೆ ದ್ವೀಪಗಳ ಸಾಲು. ಜಂಬೂದ್ವೀಪವನ್ನು ಲವಣಸಮುದ್ರ ಬಳಸಿದೆ, ಅದನ್ನು ಧಾತಕೀಖಂಡ ಬಳಸಿದೆ, ಅದರಾಚೆಗೆ ಕಾಲೋದಧಿ, ಮತ್ತೂ ಆಚೆಗೆ ಪುಷ್ಕರವರದ್ವೀಪ. ಆ ದ್ವೀಪದ ನಡುವಣ ಮಾನುಷೋತ್ತರ ಪರ್ವತದಿಂದಾಚೆಗೆ ಮನುಷ್ಯರಿಗೆ ನೆಲೆಯಿಲ್ಲ. ಎರಡೂವರೆ ದ್ವೀಪಗಳೇ ಮನುಷ್ಯಲೋಕದ ಎಲ್ಲೆ. ಈ ಪರಿಭಾಷೆಯನ್ನು ಲೌಕಿಕಕ್ಕೆ ಇಳಿಸಿ ನೋಡಿದರೆ, ಕರ್ನಾಟಕದ ತೆಂಕಣ ಗಡಿಯ ಗುಂಡ್ಲುಪೇಟೆ–ಚಾಮರಾಜನಗರ ಸೀಮೆಯ ಜೈನ ಮನೆಗಳೂ ದ್ವೀಪಗಳೇ. 2011ರ ಜನಗಣತಿಯಂತೆ ಇಡೀ ರಾಜ್ಯದಲ್ಲಿ ಜೈನರ ಸಂಖ್ಯೆ 4,40,280, ಅಂದರೆ ನೂರಕ್ಕೆ ಒಬ್ಬರೂ ಇಲ್ಲ. ಅವರಲ್ಲಿಯೂ ಹೆಚ್ಚಿನವರು ಬೆಳಗಾವಿಯಂಥ ಬಡಗಣ ಜಿಲ್ಲೆಗಳಲ್ಲಿ ನೆಲೆಸಿದವರು. ಮಲೆಯೂರು, ಚಾಮರಾಜನಗರ, ಕೆಲಸೂರು, ಯಳಂದೂರು ಎಂದು ಬಸದಿಗಳ ಹೆಸರನ್ನು ಎಣಿಸುತ್ತ ಹೋದರೆ, ಅವುಗಳ ನೆರಳಿನಲ್ಲಿ ಬಾಳಿದ ಮನೆತನಗಳು ದೊಡ್ಡ ಸಮಾಜದ ಕಡಲಿನ ನಡುವಣ ಸಣ್ಣ ಸಣ್ಣ ನೆಲಗಳಂತೆ ತೋರುತ್ತವೆ.

ಇಂಥ ಸಣ್ಣ ಸಮುದಾಯ ತನ್ನಲ್ಲಿ ಅಳಿದವರನ್ನು ಹೇಗೆ ನೆನೆಯಬೇಕು? ಜೈನರಿಗೆ ಈ ಪ್ರಶ್ನೆ ಹೊಸದಲ್ಲ. ಅಳಿದವರ ನೆನಪಿಗೆ ಕಲ್ಲು ನಿಲ್ಲಿಸಿ ಬರೆಯಿಸುವುದನ್ನು ಕನ್ನಡ ನಾಡಿನಲ್ಲಿ ಸಾವಿರ ವರ್ಷಕ್ಕೂ ಮಿಕ್ಕು ನಡೆಸಿಕೊಂಡು ಬಂದ ಪರಂಪರೆ ಅದು. ಆದರೆ ಆ ಪರಂಪರೆಯ ಹಿರಿಮೆಯನ್ನು ಕೊಂಡಾಡುವ ಭರದಲ್ಲಿ ಅದರ ಕೊರತೆಯನ್ನು ಗಮನಿಸಿದ್ದು ಕಡಿಮೆ. ನಿಸಿದಿಗಲ್ಲುಗಳು ಸಾವನ್ನು ನೆನೆದಷ್ಟು ಬಾಳನ್ನು ನೆನೆಯಲಿಲ್ಲ. ಅವುಗಳನ್ನು ಓದಿದ ವಿದ್ವತ್ತೂ ಅದೇ ಜಾಡಿನಲ್ಲಿ ನಡೆಯಿತು.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲಿನ ಏಳು–ಎಂಟನೆಯ ಶತಮಾನದ ಕಿರುಬರಹಗಳನ್ನು ನೆನೆದುಕೊಳ್ಳಬಹುದು. ಚಿತ್ತೂರಿನ ಮೌನಿಗುರುಗಳ ಶಿಷ್ಯೆ ನಾಗಮತಿಗಂತಿಯರು ಮೂರು ತಿಂಗಳು ನೋಂತು ಮುಡಿಪಿದರೆಂದು ಒಂದು ಬರಹ ತಿಳಿಸುತ್ತದೆ. ಗುರುವಿನ ಹೆಸರು, ಊರಿನ ಹೆಸರು, ನೋಂತ ಅವಧಿ, ಇಷ್ಟು ಸಿಕ್ಕಿತು. ಆಕೆ ಯಾರ ಮಗಳು, ಯಾವ ವಯಸ್ಸಿನಲ್ಲಿ ಮನೆ ಬಿಟ್ಟಳು, ಏನನ್ನು ಓದಿದಳು, ಯಾರಿಗೆ ಕಲಿಸಿದಳು ಎಂಬುದು ಸಿಗಲಿಲ್ಲ. ನಂದಿಸೇನ ಮುನಿಯ ಬರಹವನ್ನು ಕನ್ನಡ ಎಂ.ಎ. ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಿರುತ್ತಾನೆ. ಮಳೆಬಿಲ್ಲು, ಮಿಂಚು, ಮಂಜಿನ ಹೋಲಿಕೆಗಳಿಂದ ಬಾಳಿನ ಅಸ್ಥಿರತೆಯನ್ನು ಹೇಳುವ ಆ ಪದ್ಯ ಕನ್ನಡದ ಮೊದಲ ಕವಿತೆಗಳ ಸಾಲಿನಲ್ಲಿ ನಿಲ್ಲುತ್ತದೆ. ಆದರೂ ಅದನ್ನು ಓದಿ ಮುಗಿಸಿದವನಿಗೆ ನಂದಿಸೇನನ ವೈರಾಗ್ಯ ಗೊತ್ತಾಗುತ್ತದೆ, ನಂದಿಸೇನ ಗೊತ್ತಾಗುವುದಿಲ್ಲ.

ಹನ್ನೆರಡನೆಯ ಶತಮಾನಕ್ಕೆ ಬಂದರೆ ಬರಹ ಹಿಗ್ಗುತ್ತದೆ. ಹೊಯ್ಸಳ ದಂಡನಾಯಕ ಗಂಗರಾಜನ ತಾಯಿ ಪೋಚಿಕಬ್ಬೆಗೂ ಮಡದಿ ಲಕ್ಷ್ಮೀಮತಿಗೂ ಬೆಳಗೊಳದಲ್ಲಿ ಸ್ಮಾರಕಗಳಿವೆ. ದೇಮತಿಯ ಸ್ಮಾರಕ ಆಕೆಯ ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಹೊಗಳುತ್ತದೆ. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಾಗ, ಮಗಳ ಅಗಲಿಕೆಯನ್ನು ತಾಳಲಾರದೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಮುಡಿಪಿದ ಸಂಗತಿ ಶಾಸನದಲ್ಲಿದೆ. ಈ ಒಂದು ಎಡೆಯಲ್ಲಿ ವ್ರತದ ಹಿಂದಿರುವ ಹೆತ್ತ ಕರುಳು ಕಾಣಿಸುತ್ತದೆ. ಶಾಸನವನ್ನು ಓದಿದವರು ಮಾಚಿಕಬ್ಬೆಯನ್ನು ಮರೆಯಲಾರದಿರುವುದು ಆಕೆ ಉಪವಾಸವಿದ್ದ ದಿನಗಳ ಲೆಕ್ಕದಿಂದಲ್ಲ, ಆ ಕರುಳಿನಿಂದ.

ಹಾಗೆಂದು ಈ ಪರಂಪರೆ ಅರಮನೆ ಮತ್ತು ಗುರುಮನೆಗಳಿಗಷ್ಟೇ ಮೀಸಲಾಗಿತ್ತೆಂದು ತಿಳಿಯಬಾರದು. ಸೊರಬ ತಾಲ್ಲೂಕಿನ ಹಿರೇ ಆವಲಿಯಲ್ಲಿ ಹದಿನಾಲ್ಕು–ಹದಿನೈದನೆಯ ಶತಮಾನಗಳ ನಿಸಿದಿಗಲ್ಲುಗಳ ಒಂದು ಗುಂಪೇ ಇದೆ. ಅಲ್ಲಿ ನೆನೆಯಲ್ಪಟ್ಟವರು ಊರ ಗೌಡ ಮನೆತನಗಳ ಗಂಡಸರು ಮತ್ತು ಹೆಂಗಸರು. ಒಂದು ಹಳ್ಳಿ ತನ್ನ ಅಳಿದವರನ್ನು ತಲೆಮಾರಿನಿಂದ ತಲೆಮಾರಿಗೆ ಕಲ್ಲಿನಲ್ಲಿ ಹೆಸರಿಸುತ್ತ ಬಂದ ಅಪರೂಪದ ಉದಾಹರಣೆ ಅದು. ಆದರೆ ಅಲ್ಲಿಯೂ ಗೌಡತಿಯರ ಗುರುವಿನ ಹೆಸರು, ಗಂಡನ ಹೆಸರು, ಸಮಾಧಿಯ ತಿಥಿ ದೊರೆಯುತ್ತವೆ. ಅವರು ಯಾವ ಹೊಲ ಉತ್ತಿದರು, ಯಾವ ನೋಂಪಿಯ ಕತೆ ಹೇಳುತ್ತಿದ್ದರು ಎಂಬುದು ದೊರೆಯುವುದಿಲ್ಲ.

ಸಂಶೋಧನೆಯ ದಾರಿಯೂ ಇದಕ್ಕೆ ತಕ್ಕಂತೆಯೇ ಸಾಗಿತು. ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದ ಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500 ಆದವು, 1973ರ ಪರಿಷ್ಕರಣದಲ್ಲಿ 573 ಆದವು. ಈ ದುಡಿಮೆ ಇಲ್ಲದಿದ್ದರೆ ಇಂದು ಮಾತನಾಡಲು ಏನೂ ಇರುತ್ತಿರಲಿಲ್ಲ. ಆದರೆ ಹೀಗೆ ದೊರೆತ ಹೆಸರುಗಳನ್ನು ವಿದ್ವಾಂಸರು ಬಹುಮಟ್ಟಿಗೆ ಬಳಸಿದ್ದು ಆಚಾರ್ಯಪರಂಪರೆಯ ಪಟ್ಟಿಗೆ, ಗಣಗಚ್ಛಗಳ ನಿರ್ಣಯಕ್ಕೆ, ಕವಿಕಾಲ ವಿಚಾರಕ್ಕೆ. ಷ. ಶೆಟ್ಟರ್ ಅವರ ‘ಸಾವಿಗೆ ಆಹ್ವಾನ’ ಮತ್ತು ‘ಸಾವನ್ನು ಅರಸಿ’ ಕೃತಿಗಳು ನಿಸಿದಿಗಳ ಅಧ್ಯಯನಕ್ಕೆ ಹೊಸ ಘನತೆ ತಂದವು. ಆ ಶೀರ್ಷಿಕೆಗಳೇ ಹೇಳುವಂತೆ ಅವುಗಳ ವಸ್ತು ಸಾವಿನ ವಿಧಾನ ಮತ್ತು ದರ್ಶನ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದು ಪರಿಗಣಿಸಿ, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿದಾಗ ಎದ್ದ ಚರ್ಚೆಯೂ ಸಾವಿನ ಸುತ್ತಲೇ ತಿರುಗಿತು. ಜೈನರು ಹೇಗೆ ಸಾಯುತ್ತಾರೆಂದು ನಾಡಿಗೆ ಗೊತ್ತಾಗಿದೆ, ಹೇಗೆ ಬಾಳಿದರೆಂಬುದು ಅಷ್ಟಾಗಿ ಗೊತ್ತಾಗಿಲ್ಲ.

ಈ ಕೊರತೆಯನ್ನು ತುಂಬುವ ಮಾದರಿಗಾಗಿ ದೂರ ಹೋಗಬೇಕಿಲ್ಲ. ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಅಲ್ಲಿನ ಪಾರ್ಶ್ವನಾಥ ಬಸದಿಯಲ್ಲಿ ವಿಷ್ಣುವರ್ಧನನ ದಂಡನಾಯಕ ಪುಣಿಸನ 1117ರ ಶಾಸನವಿದೆ. ಅವನು ನೀಲಗಿರಿಯನ್ನು ಗೆದ್ದ ವೀರನೆಂದು ಅದು ಹೊಗಳುತ್ತದೆ. ಅದು ಹೊಯ್ಸಳ ಶಾಸನಗಳ ರೂಢಿಯ ಮಾತು. ಅದರ ಜೊತೆಗೇ ಇನ್ನೊಂದು ಮಾತಿದೆ. ಬಂಡವಾಳ ಕಳೆದುಕೊಂಡ ವ್ಯಾಪಾರಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೆ, ಒಡೆತನ ಕಳೆದುಕೊಂಡ ಕಿರಾತನಾಯಕನಿಗೆ ಅವರವರು ಕಳೆದುಕೊಂಡದ್ದನ್ನು ಕೊಟ್ಟು ಪೊರೆದವನು ಪುಣಿಸನೆಂದು ಶಾಸನ ಹೇಳುತ್ತದೆ. ಗೆಲುವಿನ ಮಾತು ಎಲ್ಲ ದಂಡನಾಯಕರಿಗೂ ಹೊಂದುತ್ತದೆ. ಬೀಜವಿಲ್ಲದ ಒಕ್ಕಲಿಗನ ಮಾತು ಪುಣಿಸನೊಬ್ಬನನ್ನು ಬೇರೆಯಾಗಿ ನಿಲ್ಲಿಸುತ್ತದೆ. ಒಂಬತ್ತು ಶತಮಾನಗಳ ಬಳಿಕವೂ ಆ ಸೀಮೆಯ ರೈತನಿಗೆ ಪುಣಿಸ ಅರ್ಥವಾಗುವುದು ಈ ವಾಕ್ಯದಿಂದ. ಸ್ಮರಣೆಗೆ ಬೇಕಾದದ್ದು ಇಂಥ ನಿರ್ದಿಷ್ಟತೆ.

ಇದೇ ಸೀಮೆಯ ಇಬ್ಬರು ಬರಹಗಾರರೂ ಮಾದರಿಯಾಗಿದ್ದಾರೆ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯ ಬೊಮ್ಮರಸ ಹದಿನೈದನೆಯ ಶತಮಾನದವನು. ‘ಸನತ್ಕುಮಾರ ಚರಿತೆ’ ಮತ್ತು ‘ಜೀವಂಧರ ಸಾಂಗತ್ಯ’ಗಳ ಕರ್ತೃ. ತನ್ನ ವಂಶದ ಹಿರಿಯನಾದ ನೇಮಿಚಂದ್ರ ಪ್ರೌಢದೇವರಾಯನ ಸಭೆಯಲ್ಲಿ ಜಯಪತ್ರ ಪಡೆದ ಸಂಗತಿ ತಿಳಿದುಬರುವುದು ಅವನ ಕಾವ್ಯದಿಂದಲೇ. ಪೀಠಿಕೆಯ ಕೆಲವು ಪದ್ಯಗಳಲ್ಲಿ ಒಂದು ಮನೆತನದ ಸ್ಮೃತಿ ಉಳಿಯಿತು. ಎರಡನೆಯವನು ಮಲೆಯೂರು ಕನಕಗಿರಿಯ ದೇವಚಂದ್ರ. ವಿಜಯನಗರದ ರಾಜಕುಮಾರ ಹರಿಹರರಾಯ 1422ರಲ್ಲಿ ಕನಕಗಿರಿಯ ದೇವರಿಗೆ ಮಲೆಯೂರನ್ನು ದತ್ತಿ ಕೊಟ್ಟಿದ್ದ. ಅದೇ ಬೆಟ್ಟದ ಅಡಿಯಲ್ಲಿ ನಾಲ್ಕು ಶತಮಾನಗಳ ಬಳಿಕ ಬಾಳಿದ ದೇವಚಂದ್ರ, 1804ರಲ್ಲಿ ಕರ್ನಲ್ ಮೆಕೆಂಜಿಯ ಸಂಪರ್ಕಕ್ಕೆ ಬಂದು ಸ್ಥಳೀಯ ಇತಿಹಾಸದ ಸಂಗ್ರಹಕ್ಕೆ ನೆರವಾದ. ಮುಂದೆ ಮೈಸೂರು ಅರಮನೆಯ ದೇವೀರಮ್ಮಣ್ಣಿಯ ಅಪೇಕ್ಷೆಯಂತೆ ‘ರಾಜಾವಳೀಕಥಾಸಾರ’ವನ್ನು ರಚಿಸಿದ. ಅದರಲ್ಲಿ ಐತಿಹ್ಯವೂ ಇತಿಹಾಸವೂ ಬೆರೆತಿವೆ ಎಂಬ ಆಕ್ಷೇಪ ನಿಜವೇ. ಆದರೆ ಕ್ಷೀಣಿಸುತ್ತಿದ್ದ ಸಮುದಾಯವೊಂದರ ಒಳಗಿನವನೇ ಕುಳಿತು, ತನ್ನವರ ಬಗ್ಗೆ ಕೇಳಿದ್ದನ್ನೆಲ್ಲ ಬರೆದಿಟ್ಟ ಎಂಬುದು ಅದಕ್ಕಿಂತ ದೊಡ್ಡ ನಿಜ. ಹೊರಗಿನ ಸರ್ವೇಕ್ಷಣೆಗೆ ಅದು ಸಾಧ್ಯವಾಗುತ್ತಿರಲಿಲ್ಲ.

ಒಳಗಿನವರೇ ಬರೆಯುವುದರ ಬೆಲೆಯನ್ನು ತಿಳಿಯಲು ನಿಜವಾದ ದ್ವೀಪವೊಂದರ ಕಡೆ ನೋಡಬಹುದು. ಐರ್ಲೆಂಡಿನ ಪಡುಗಡಲಿನಲ್ಲಿ ಗ್ರೇಟ್ ಬ್ಲಾಸ್ಕೆಟ್ ಎಂಬ ಸಣ್ಣ ನಡುಗಡ್ಡೆಯಿದೆ. ಜನಸಂಖ್ಯೆ ಹೆಚ್ಚಿದ್ದ ಕಾಲದಲ್ಲಿಯೂ ಅಲ್ಲಿದ್ದವರು ಇನ್ನೂರಕ್ಕಿಂತ ಕಡಿಮೆ. ಆ ದ್ವೀಪದ ಮೀನುಗಾರ ತೊಮಾಸ್ ಓ ಕ್ರೋಹನ್ ತನ್ನ ಐರಿಷ್ ನುಡಿಯಲ್ಲಿಯೇ ಬರೆದ ಆತ್ಮಕಥೆ 1929ರಲ್ಲಿ ಪ್ರಕಟವಾಯಿತು. ಪೆಗ್ ಸೇಯರ್ಸ್ ಎಂಬ ಕತೆಗಾರ್ತಿ ಮಗನಿಗೆ ಹೇಳಿ ಬರೆಯಿಸಿದ ಬಾಳಕಥೆ 1936ರಲ್ಲಿ ಬಂತು. 1953ರಲ್ಲಿ ಉಳಿದ ಕೆಲವೇ ಜನರನ್ನು ಸರಕಾರ ದಡಕ್ಕೆ ಸಾಗಿಸಿ ದ್ವೀಪ ಬರಿದಾಯಿತು. ಆದರೂ ಅಲ್ಲಿ ಬಾಳಿದವರು ಹೇಗೆ ದೋಣಿ ಹೂಡಿದರು, ಏನು ಉಂಡರು, ಯಾವ ಮಕ್ಕಳನ್ನು ಕಡಲಿಗೆ ಕಳೆದುಕೊಂಡರು ಎಂಬುದು ಇಂದಿನ ಓದುಗನಿಗೆ ಗೊತ್ತಿದೆ. ಬರೆದವರು ವಿದ್ವಾಂಸರಾಗಿರಲಿಲ್ಲ. ಹೊರಗಿನಿಂದ ಬಂದ ಭಾಷಾಸಕ್ತರು ಅವರನ್ನು ಬರೆಯಲು ಹುರಿದುಂಬಿಸಿದರು, ಅಷ್ಟೇ. ಮಲೆಯೂರಿಗೂ ಕೆಲಸೂರಿಗೂ ಅಂಥ ಒತ್ತಾಸೆ ಕೊಡಬಲ್ಲವರು ಕನ್ನಡ ವಿಭಾಗಗಳಲ್ಲಿಯೇ ಇದ್ದಾರೆ.

ಇಲ್ಲಿ ತಾತ್ತ್ವಿಕ ಆಕ್ಷೇಪವೊಂದು ಏಳುತ್ತದೆ. ದೇಹ, ಹೆಸರು, ಕುಲ ಎಲ್ಲವೂ ಪರ್ಯಾಯಗಳು. ಆತ್ಮ ಅವುಗಳನ್ನು ತೊರೆದು ಮುಂದಿನ ಗತಿಗೆ ಸಾಗಿದ ಮೇಲೆ ಹಿಂದಿನದನ್ನು ಹಿಡಿದು ಕೂರುವುದು ಮೋಹವಲ್ಲವೇ? ಆಕ್ಷೇಪಕ್ಕೆ ಬಲವಿದೆ. ಆದರೆ ಜೈನ ಶ್ರುತವನ್ನು ನಾಲ್ಕು ಅನುಯೋಗಗಳಾಗಿ ವಿಂಗಡಿಸಿದಾಗ ಮೊದಲ ಸ್ಥಾನ ಸಿಕ್ಕಿದ್ದು ಪ್ರಥಮಾನುಯೋಗಕ್ಕೆ, ಅಂದರೆ ಚರಿತೆಗಳಿಗೆ. ತೀರ್ಥಂಕರನ ಬಾಳನ್ನು ಹೇಳುವ ಪುರಾಣ ಅವನ ಹಿಂದಿನ ಭವಗಳನ್ನೂ ಬಿಡದೆ ಹೇಳುತ್ತದೆ. ಆ ಭವಗಳಲ್ಲಿ ಅವನು ಅರಸನಾಗಿದ್ದ, ಪ್ರಾಣಿಯಾಗಿದ್ದ, ತಪ್ಪೆಸಗಿದವನೂ ಆಗಿದ್ದ. ಭವಾವಳಿಯ ತರ್ಕವೇ ಪ್ರತಿಯೊಂದು ಬಾಳೂ ಗಮನಿಸತಕ್ಕದ್ದು ಎಂಬ ನಂಬಿಕೆ. ಬಾಳಿನ ನಡೆಯನ್ನು ಅರಿಯುವುದು ಮೋಹವಾದರೆ ಆದಿಪುರಾಣವೂ ಮೋಹವೇ ಆಗಬೇಕಾಗುತ್ತದೆ. ಪರಂಪರೆ ಹಾಗೆ ತಿಳಿಯಲಿಲ್ಲ. ಅಳಿದವರನ್ನು ಪೂಜೆಗೆ ಏರಿಸುವುದನ್ನು ಅದು ಒಪ್ಪಲಿಕ್ಕಿಲ್ಲ, ಅರಿಯುವುದನ್ನು ಬೇಡವೆನ್ನಲಿಲ್ಲ.

ಹಾಗಾದರೆ ಮಾಡಬೇಕಾದ ಕೆಲಸವೇನು? ಈ ಸೀಮೆಯ ಒಂದೊಂದು ಬಸದಿಯ ಸುತ್ತಲೂ ಕಳೆದ ನೂರು ವರ್ಷಗಳಲ್ಲಿ ಬಾಳಿ ಅಳಿದವರ ಬಾಳಬರಹಗಳು ಸಿದ್ಧವಾಗಬೇಕು. ಅದು ವಂಶಾವಳಿಯ ಪಟ್ಟಿಯಾಗಬಾರದು, ಅಭಿನಂದನ ಗ್ರಂಥದ ಹೊಗಳಿಕೆಯೂ ಆಗಬಾರದು. ಬಸದಿಯ ಅರ್ಚಕರ ಮನೆಯವರು ಬೆಟ್ಟ ಹತ್ತಿ ನೀರು ಹೊತ್ತ ದಿನಚರಿ, ಮನೆಯ ಓಲೆಗರಿಗಳನ್ನು ಹುಳುವಿನಿಂದ ಕಾಪಾಡಿದ ಹೆಂಗಸಿನ ಜಾಣ್ಮೆ, ನೋಂಪಿಯ ಹಾಡುಗಳನ್ನು ಬಾಯಲ್ಲಿ ಉಳಿಸಿಕೊಂಡಿದ್ದ ಅಜ್ಜಿ, ಬರಗಾಲದಲ್ಲಿ ಸಾಲ ಬಿಟ್ಟುಕೊಟ್ಟ ಅಂಗಡಿಯವ, ಬಿಟ್ಟುಕೊಡದವನೂ ಸಹ. ಗಂಡನ ಹೆಸರಿನಿಂದಲೋ ಮಗನ ಹೆಸರಿನಿಂದಲೋ ಮಾತ್ರ ಗುರುತಿಸಲ್ಪಟ್ಟ ಹೆಂಗಸರ ಸ್ವಂತ ಹೆಸರು ಮೊದಲು ದಾಖಲಾಗಬೇಕು. ಬಸದಿಯ ಕೆಲಸಕ್ಕೆ ನೆರವಾದ ಬೇರೆ ಜಾತಿಯ ನೆರೆಹೊರೆಯವರೂ ಈ ಬರಹದಲ್ಲಿ ಇರಬೇಕು. ದ್ವೀಪವೆಂಬುದು ಸುತ್ತಲ ನೀರಿನಿಂದಲೇ ದ್ವೀಪ.

ಆಕರಗಳಿಗೇನೂ ಕೊರತೆಯಿಲ್ಲ. ಓಲೆಗರಿಯ ಪ್ರತಿಗಳ ಕೊನೆಯಲ್ಲಿ ಲಿಪಿಕಾರನ ಹೆಸರೂ ಪ್ರತಿ ಮಾಡಿಸಿ ಶಾಸ್ತ್ರದಾನ ಮಾಡಿದವರ ಹೆಸರೂ ಇರುತ್ತವೆ. ಕಾವ್ಯ ಸಂಪಾದನೆ ಮಾಡುವವರು ಪಾಠಾಂತರಗಳಿಗೆ ಕೊಟ್ಟ ಗಮನವನ್ನು ಈ ಸಾಲುಗಳಿಗೆ ಕೊಟ್ಟಿದ್ದು ಕಡಿಮೆ. ಮನೆಗಳಲ್ಲಿ ಲೆಕ್ಕದ ಪುಸ್ತಕಗಳಿವೆ, ಮದುವೆಯ ಕರೆಯೋಲೆಗಳಿವೆ, ಬಸದಿಯ ಗೋಡೆಗಳಲ್ಲಿ ದಾನಿಗಳ ಹೆಸರಿನ ಕಲ್ಲುಗಳಿವೆ. ಎಲ್ಲಕ್ಕಿಂತ ಮಿಗಿಲಾಗಿ ಎಂಬತ್ತು ದಾಟಿದ ಹಿರಿಯರಿದ್ದಾರೆ. ಮಕ್ಕಳು ಮೈಸೂರಿಗೋ ಬೆಂಗಳೂರಿಗೋ ಹೋದ ಮೇಲೆ ಊರಿನ ಮನೆ ಬೀಗ ಹಾಕಿಕೊಳ್ಳುತ್ತದೆ, ಒಂದು ತಲೆಮಾರಿನಲ್ಲಿ ಅಟ್ಟದ ಕಾಗದಗಳು ಒಲೆಗೆ ಹೋಗುತ್ತವೆ. ಕಲ್ಲಿನ ಬರಹ ಮಳೆಬಿಸಿಲಿಗೆ ಸಾವಿರ ವರ್ಷ ನಿಂತಿತು. ಬಾಯಿಮಾತಿನ ನೆನಪಿಗೆ ಉಳಿದಿರುವುದು ಹತ್ತೋ ಹದಿನೈದೋ ವರ್ಷ.

ಕನ್ನಡ ಸ್ನಾತಕೋತ್ತರ ವಿಭಾಗಗಳಲ್ಲಿ ಪ್ರತಿವರ್ಷ ಕಿರುಪ್ರಬಂಧಗಳು ಬರೆಯಲ್ಪಡುತ್ತವೆ. ಪಂಪ, ರನ್ನ, ಜನ್ನರ ಕುರಿತು ಹತ್ತು ಸಲ ಹೇಳಿದ್ದನ್ನು ಹನ್ನೊಂದನೆಯ ಸಲ ಹೇಳುವ ಬದಲು, ಒಬ್ಬ ವಿದ್ಯಾರ್ಥಿ ಒಂದು ಊರಿನ ಹತ್ತು ಬಾಳುಗಳನ್ನು ಮನೆಯವರ ಒಪ್ಪಿಗೆ ಪಡೆದು, ಹೇಳಿದವರ ನುಡಿಯಲ್ಲಿಯೇ ಬರೆದು ತಂದರೆ ಅದು ಸಂಶೋಧನೆಯಲ್ಲವೆಂದು ಯಾವ ವಿಭಾಗವೂ ಹೇಳಬಾರದು. ತೆಂಕಣ ಗಡಿಯ ಕನ್ನಡದ ಸೊಗಡೂ ಅದರೊಡನೆ ದಾಖಲಾಗುತ್ತದೆ. ಮುಂದಿನ ನಿಘಂಟುಕಾರನಿಗೂ ಇತಿಹಾಸಕಾರನಿಗೂ ಅದು ಆಕರವಾಗುತ್ತದೆ.

ನಾಗಮತಿಗಂತಿಯರ ಬಾಳನ್ನು ಇನ್ನು ಯಾರೂ ಬರೆಯಲಾರರು. ಅದನ್ನು ಕೇಳಿ ತಿಳಿಯಬಹುದಾಗಿದ್ದ ಕಾಲ ಹದಿಮೂರು ಶತಮಾನಗಳ ಹಿಂದೆಯೇ ಮುಗಿಯಿತು. ಮಲೆಯೂರಿನ, ಕೆಲಸೂರಿನ, ಚಾಮರಾಜನಗರದ ಬೀದಿಗಳಲ್ಲಿ ಮೊನ್ನೆಮೊನ್ನೆಯವರೆಗೆ ಓಡಾಡಿ ಅಳಿದವರನ್ನು ಕಂಡವರು ಇನ್ನೂ ಇದ್ದಾರೆ. ಅವರ ಜಗಲಿಗೆ ಹೋಗಿ ಕುಳಿತು ಕೇಳುವ ಕೆಲಸ ಈ ವರ್ಷವೇ ಆಗಬೇಕು.