ಸೇತುವೆ ಮುಳುಗಿದ ಮೇಲೆ ಸಲಹೆ ಯಾಕೆ ಸಾಹೇಬ್ರೆ?

ಮಳೆಗಾಲ ಬಂತೆಂದರೆ ಕೃಷ್ಣಾ ತೀರದ ನಮ್ಮ ಮೊಬೈಲ್‌ಗಳಿಗೆ ಪೊಲೀಸ್ ಇಲಾಖೆಯ ಪೋಸ್ಟರ್ ಬರುತ್ತದೆ. ಹೊಳೆಗೆ ಇಳಿಯಬೇಡಿ, ದನಕರು ಬಿಡಬೇಡಿ, ಸೆಲ್ಫಿ ತೆಗೆಯಬೇಡಿ. ಒಂದು ಮಾತೂ ಸುಳ್ಳಲ್ಲ. ನಮ್ಮ ತಕರಾರು ಸಲಹೆಯ ಮೇಲಲ್ಲ, ಪೋಸ್ಟರ್ ಕಳಿಸಿದರೆ ಕೆಲಸ ಮುಗಿಯಿತು ಎನ್ನುವ ಧೋರಣೆಯ ಮೇಲೆ.

2019ರ ಆಗಸ್ಟ್ ನೆನಪು ಮಾಡಿಕೊಳ್ಳಿ. ನಾರಾಯಣಪುರ ಜಲಾಶಯದಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊಳೆಗೆ ಬಂತು. ದೇವದುರ್ಗ ತಾಲೂಕಿನ ಹಿರೇರಾಯನಕುಂಪಿ ಬಳಿ ಸೇತುವೆ ನೀರಿನಡಿ ಹೋಗಿದ್ದಾಗ ಆಂಬುಲೆನ್ಸ್ ಮುಂದೆ ಓಡಿ ದಾರಿ ತೋರಿಸಿದವನು ಶಾಲೆಗೆ ಹೋಗುವ ಹುಡುಗ. ಅವನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು. ಬರಲೇಬೇಕಿತ್ತು, ನಾವೂ ಹೆಮ್ಮೆಪಟ್ಟೆವು. ಆದರೆ ಚಪ್ಪಾಳೆ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆ ಹಾಗೇ ಉಳಿದಿದೆ: ಮುಳುಗಿದ ಸೇತುವೆ ಮೇಲೆ ದಾರಿ ತೋರಿಸುವ ಹೊಣೆ ಒಂದು ಮಗುವಿನ ಪಾಲಿಗೆ ಯಾಕೆ ಬಂತು?

'ಇಷ್ಟು ಲಕ್ಷ ಕ್ಯೂಸೆಕ್ ಬಿಡಲಾಗಿದೆ, ಎಚ್ಚರದಿಂದಿರಿ' ಎಂಬ ಸಂದೇಶವನ್ನೇ ನೋಡಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಈ ಲೆಕ್ಕ ಇಂಜಿನಿಯರ್‌ಗೆ ಸಾಕು. ಕುರಿ ಕಾಯುವವರಿಗೆ, ಹೊಳೆದಂಡೆಯ ರೈತರಿಗೆ ಬೇಕಾದದ್ದು ಬೇರೆ. ಲಿಂಗಸುಗೂರು ಕಡೆಯ ಶೀಲಹಳ್ಳಿ ಸೇತುವೆ ಎಷ್ಟು ಗಂಟೆಗೆ ಮುಳುಗಬಹುದು? ಹೂವಿನಹೆಡಗಿ ದಾರಿ ಯಾವಾಗ ಬಂದ್? ಪಂಪ್‌ಸೆಟ್ ಎತ್ತಿಡಲು ಎಷ್ಟು ಹೊತ್ತು ಸಿಗುತ್ತದೆ? ಇದು ದಿಢೀರ್ ಬೀಳುವ ಸಿಡಿಲಲ್ಲ. ಗೇಟ್ ಎತ್ತಿ ಬಿಡುವ ನೀರು. ಅದು ಯಾವ ಊರಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ಲೆಕ್ಕ ಹಾಕಿ ಹೇಳಬಹುದು.

'ಜನ ಮಾತು ಕೇಳಲ್ಲ' ಎಂಬ ಉತ್ತರ ಬರುತ್ತದೆ. ಕೆಲವರು ಕೇಳಲ್ಲ, ಒಪ್ಪುತ್ತೇವೆ. ಸೆಲ್ಫಿಗೆಂದು ಹೋಗುವವರನ್ನು ಬೈಯಿರಿ, ನಾವೂ ಬೈತೀವಿ. ಆದರೆ ನಡುಗಡ್ಡೆಯವರು ಸೇತುವೆ ದಾಟುವುದು ಮೋಜಿಗಲ್ಲ. ಔಷಧಿಗೆ, ಹೆರಿಗೆಗೆ, ರೇಷನ್‌ಗೆ. ಬೇರೆ ದಾರಿ ತೋರಿಸದೆ 'ದಾಟಬೇಡಿ' ಅನ್ನುವುದು ಅರ್ಧ ಸಲಹೆ.

ದಾಟಿದರೆ ಏನಾಗುತ್ತದೆ ಎಂಬುದನ್ನಾದರೂ ಪೂರ್ತಿ ಹೇಳಿ. ರಭಸದ ನೀರು ಅರ್ಧ ಅಡಿ ಇದ್ದರೂ ದೊಡ್ಡವರ ಕಾಲು ಕೀಳಬಲ್ಲದು. ಒಂದು ಅಡಿ ಇದ್ದರೆ ಸಣ್ಣ ಕಾರು ಕೊಚ್ಚಿಹೋಗಬಹುದು. ಎರಡು ಅಡಿಗೆ ಹೆಚ್ಚಿನ ವಾಹನಗಳು ನಿಲ್ಲುವುದಿಲ್ಲ. ಕೆಂಪು ನೀರಿನಡಿ ರಸ್ತೆ ಕಿತ್ತುಹೋಗಿದ್ದರೂ ಮೇಲಿಂದ ಕಾಣುವುದಿಲ್ಲ. ಇದನ್ನು ಪ್ರತಿ ಸೇತುವೆಯ ಎರಡೂ ತುದಿಯಲ್ಲಿ, ಅಡಿ ಅಳತೆಯ ಕಂಬದ ಪಕ್ಕದಲ್ಲೇ ದೊಡ್ಡಕ್ಷರದಲ್ಲಿ ಬರೆಸಿ.

ಪ್ರವಾಹ ಇಳಿದ ಮೇಲೆ ಕಿಟ್, ಹೊದಿಕೆ ಹಂಚುವುದು ಒಳ್ಳೆಯದೇ. ಆದರೆ ನಿಜವಾದ ಸಮುದಾಯ ಸೇವೆ ಫೋಟೊಗೆ ಸಿಗುವುದಿಲ್ಲ. ಅದು ರಾತ್ರಿ ಎರಡು ಗಂಟೆಗೆ ಸೇತುವೆ ತುದಿಯಲ್ಲಿ ಬ್ಯಾರಿಕೇಡ್ ಕಾಯುವ ಕೆಲಸ. ಹಾಗೆ ಮಳೆಯಲ್ಲಿ ನೆನೆಯುತ್ತ ನಿಲ್ಲುವ ಕಾನ್‌ಸ್ಟೆಬಲ್, ಹೋಂ ಗಾರ್ಡ್‌ಗಳ ಬಗ್ಗೆ ನಮಗೆ ಗೌರವವಿದೆ. ಅವರಿಗೆ ಲೈಫ್ ಜಾಕೆಟ್, ಹಗ್ಗ, ಟಾರ್ಚ್, ಪಾಳಿ ಬದಲಾಯಿಸಲು ಜನ ಬೇಕು. ಅದನ್ನು ಕೊಡಬೇಕಾದವರು ಮೇಲೆ ಕುಳಿತಿದ್ದಾರೆ.

ನಾವು ಕೇಳುವುದು ದೊಡ್ಡದೇನಲ್ಲ. ಸೇತುವೆಗೆ ನೀರು ಮುಟ್ಟುವ ಮೊದಲೇ ಎರಡೂ ಕಡೆ ಬ್ಯಾರಿಕೇಡ್ ಬೀಳಲಿ. ವಾಟ್ಸ್ಆ್ಯಪ್ ಜೊತೆಗೆ ಡಂಗುರ ಹೊಡೆಸಿ, ಗುಡಿ ಮಸೀದಿಯ ಮೈಕಿನಲ್ಲಿ ಹೇಳಿಸಿ. ಫೋನ್ ಇಲ್ಲದ ಅಜ್ಜಿಗೂ ಗೊತ್ತಾಗಬೇಕು. ಊರಿನ ಬೀಟ್ ಪೊಲೀಸರು ಪಂಚಾಯಿತಿ, ಆಶಾ ಕಾರ್ಯಕರ್ತೆಯರ ಜೊತೆ ಕೂತು ತುಂಬು ಗರ್ಭಿಣಿಯರ, ಹಾಸಿಗೆ ಹಿಡಿದವರ ಪಟ್ಟಿ ಮಾಡಲಿ. ದಾರಿ ಇರುವಾಗಲೇ ಅವರನ್ನು ಈಚೆ ದಡಕ್ಕೆ ಕರೆತನ್ನಿ.

ಓದುಗರೇ, 112 ಮತ್ತು ಜಿಲ್ಲಾ ಕಂಟ್ರೋಲ್ ರೂಂನ 1077 ನಂಬರ್ ಗೋಡೆ ಮೇಲೆ ಬರೆದಿಡಿ. ಮಳೆಗಾಲಕ್ಕೆ ಮುಂಚಿನ ಗ್ರಾಮಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: 'ನಮ್ಮ ಸೇತುವೆಗೆ ಬ್ಯಾರಿಕೇಡ್ ಹಾಕುವವರು ಯಾರು, ಅವರ ಹೆಸರೇನು?' ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸುವ ತನಕ ಎದ್ದು ಬರಬೇಡಿ.